ಫೋಟೋಅಕೌಸ್ಟಿಕ್ ಇಮೇಜಿಂಗ್‌ಗೆ ಐಸಿಜಿ ಒಳ್ಳೆಯದೋ, ಚಿನ್ನದ ನ್ಯಾನೊರಾಡೋ?

ಮಂಗಳೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಚಿತ್ರ ಎದ್ದು ಕಾಣಲು ದೇಹಕ್ಕೆ ಹಾಕುವ ಐಸಿಜಿ ಎಂಬ ಹಸಿರು ಬಣ್ಣ, ಚಿನ್ನದ ಅತಿ ಸಣ್ಣ ಕಡ್ಡಿಗಳಾದ ನ್ಯಾನೊರಾಡ್, ಇವೆರಡರಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಮಣಿಪಾಲದಲ್ಲಿ ಇದೇ ಕೆಲಸದಲ್ಲಿದ್ದೇನೆ. ಐಸಿಜಿಯಿಂದಲೇ ಶುರು ಮಾಡಿ.

ಫೋಟೋಅಕೌಸ್ಟಿಕ್ ಇಮೇಜಿಂಗ್‌ನಲ್ಲಿ ಲೇಸರ್ ಬೆಳಕು ಬೀಳುವುದು ಕೆಲವೇ ನ್ಯಾನೊಸೆಕೆಂಡ್. ಅದನ್ನು ಹೀರಿದ ಜಾಗ ತುಸು ಬಿಸಿಯಾಗಿ ಹಿಗ್ಗುತ್ತದೆ. ಆಗ ಹೊರಡುವ ಅಲ್ಟ್ರಾಸೌಂಡ್ ಅಲೆಯನ್ನು ನಾವು ಹಿಡಿಯುತ್ತೇವೆ. ಅಂದ್ರೆ ನಾವು ಹಾಕುವ ವಸ್ತು ಬೆಳಕನ್ನು ಜಾಸ್ತಿ ಹೀರಬೇಕು, ಹೀರಿದ್ದನ್ನೆಲ್ಲ ಬಿಸಿಯಾಗಿಯೇ ಬಿಡಬೇಕು. ಇದರಲ್ಲಿ ಚಿನ್ನದ ನ್ಯಾನೊರಾಡ್ ಮುಂದಿದೆ, ಒಪ್ಪುತ್ತೇನೆ. ಆದರೆ ಲೇಸರ್ ಜೋರಾದರೆ ಕಡ್ಡಿ ಕರಗಿ ಉಂಡೆಯಾಗುತ್ತದೆ. 800 ನ್ಯಾನೊಮೀಟರ್ ತರಂಗಾಂತರದ ಹತ್ತಿರವಿದ್ದ ಪೀಕ್, ಅಂದರೆ ಅತಿ ಹೆಚ್ಚು ಬೆಳಕು ಹೀರುವ ಜಾಗ, ಕುಸಿದು 520ರ ಸುತ್ತ ಏಳುತ್ತದೆ. ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ: ರಕ್ತಕ್ಕೆ ಸೇರಿದ ಚಿನ್ನ ಲಿವರ್ ಮತ್ತು ಗುಲ್ಮದಲ್ಲಿ ತಿಂಗಳುಗಟ್ಟಲೆ ಕೂತುಬಿಡುತ್ತದೆ. ರೋಗಿಯ ಮೈಯೊಳಗೆ ಹಾಕಿದ್ದು ಹೊರಗೆ ಬರಲೇಬೇಕು ಅಲ್ವಾ?

ಐಸಿಜಿ, ಅಂದರೆ ಇಂಡೋಸಯನೈನ್ ಗ್ರೀನ್, 1950ರ ದಶಕದಿಂದ ಆಸ್ಪತ್ರೆಗಳಲ್ಲಿದೆ. ರಕ್ತದಲ್ಲಿ ಮೂರ್ನಾಲ್ಕು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ಪಿತ್ತದ ಜೊತೆ ಹೊರಹೋಗುತ್ತದೆ. ಗಡ್ಡೆಯಲ್ಲಿ ನಿಲ್ಲುವ ಮೊದಲೇ ಖಾಲಿಯಾಗುವುದು ಅದರ ಕೊರತೆ. ಅದಕ್ಕೇ ಲೈಪೋಸೋಮ್ ಎಂಬ ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ತುಂಬಿಸಿ ನೋಡುವವರಿದ್ದಾರೆ. ಅಯೋಡಿನ್ ಅಲರ್ಜಿ ಇದ್ದವರಿಗೆ ಎಚ್ಚರಿಕೆಯೂ ಬೇಕು.

ಈಗ ಬೆಂಚಿನ ಕೆಲಸ. ಹಸಿರು ಪುಡಿಯನ್ನು ಸಲೈನ್‌ನಲ್ಲಿ ಕಲಸಬೇಡಿ, ಸ್ಟೆರೈಲ್ ನೀರಿನಲ್ಲಿ ಕರಗಿಸಿ. ಸೀಸೆಗೆ ಫಾಯಿಲ್ ಸುತ್ತಿಡಿ. ಅವತ್ತು ಮಾಡಿದ್ದನ್ನು ಅವತ್ತೇ ಮುಗಿಸಿ. ದ್ರಾವಣದಲ್ಲಿ ಬಣ್ಣ ತೀರಾ ಹೆಚ್ಚಾದರೆ ಅಣುಗಳು ಒಂದಕ್ಕೊಂದು ಅಂಟಿ 700ರ ಹತ್ತಿರ ಇನ್ನೊಂದು ಪೀಕ್ ಬೆಳೆಯುತ್ತದೆ. ರಕ್ತದ ಪ್ರೋಟೀನಾದ ಅಲ್ಬುಮಿನ್ ಸೇರಿಸಿದ ದ್ರಾವಣವನ್ನೂ ಅಳೆಯಿರಿ. ಬರೀ ನೀರಿನಲ್ಲಿ 780ರಲ್ಲಿದ್ದ ಪೀಕ್ ಆಗ 800ರ ಆಚೆ ಸರಿಯುತ್ತದೆ. ದೇಹದೊಳಗೆ ನಿಮಗೆ ಸಿಗುವುದು ಈ 800ರ ಆಚೆಯ ಪೀಕೇ, ಲೇಸರನ್ನು ಅದಕ್ಕೇ ಹೊಂದಿಸಬೇಕು.

ಫ್ಯಾಂಟಮ್‌ಗೆ, ಅಂದರೆ ದೇಹದ ಬದಲು ಪರೀಕ್ಷೆಗೆ ಇಡುವ ಅಣಕು ಅಂಗಾಂಶಕ್ಕೆ, ಅಗರ್ ಸಾಕು, ನಮ್ಮ ಮನೆಗಳಲ್ಲಿ ಪುಡ್ಡಿಂಗಿಗೆ ಹಾಕುವ ಚೀನಾಗ್ರಾಸ್ ಅದೇ. ಮಳೆಗಾಲದಲ್ಲಿ ನಮ್ಮ ಕಡೆ ಬೇಗ ಬೂಸ್ಟು ಹಿಡಿಯುತ್ತದೆ, ಹೊಸದು ಮಾಡಿಕೊಳ್ಳಿ. ಅದರೊಳಗೆ ಎರಡು ತೆಳು ಟ್ಯೂಬ್ ಇಡಿ. ಒಂದರಲ್ಲಿ ಐಸಿಜಿ, ಇನ್ನೊಂದರಲ್ಲಿ ಹೆಪಾರಿನ್ ಹಾಕಿದ ಆಡಿನ ರಕ್ತ. ರಕ್ತದ ಟ್ಯೂಬನ್ನು ದಯವಿಟ್ಟು ಬಿಡಬೇಡಿ. ಹಿಮೋಗ್ಲೋಬಿನ್ ತಾನೇ ಬಲವಾಗಿ ಬೆಳಕು ಹೀರುತ್ತದೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಇಮ್ಯಾಜಿಯೋ ಎಂಬ ಸ್ತನ ಇಮೇಜಿಂಗ್ ಯಂತ್ರ ಹೊರಗಿನ ಬಣ್ಣವನ್ನೇ ಬಳಸುವುದಿಲ್ಲ. 757 ಮತ್ತು 1064 ನ್ಯಾನೊಮೀಟರ್ ಬೆಳಕಿನಲ್ಲಿ ಬರೀ ರಕ್ತವನ್ನು ನೋಡುತ್ತದೆ. ನಿಮ್ಮ ಐಸಿಜಿ ರಕ್ತಕ್ಕಿಂತ ಎಷ್ಟು ಮೇಲೆ ಕಾಣುತ್ತದೆ ಅನ್ನುವ ಗ್ರಾಫನ್ನೇ ಗೈಡ್ ಮೊದಲು ಕೇಳುವುದು.