ಮುಳುಗೋ ಊರಿನ ಬಗ್ಗೆ ಬರೆಯುವಾಗ ನಮ್ಮ ಬಗ್ಗೆ ಎಷ್ಟು, ಊರಿನ ಬಗ್ಗೆ ಎಷ್ಟು?

ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸಿದ್ರೆ ನಮ್ಮೂರೂ ಹೋಗುತ್ತೆ, ಬರೆಯೋಕೆ ಕೂತ್ರೆ ಬರೀ ನನ್ನ ಸಂಕಟಾನೇ ಬರುತ್ತೆ, ಒಳಗಿಂದು ಹೊರಗಿಂದು ಬ್ಯಾಲೆನ್ಸ್ ಮಾಡೋದು ಹೇಗೆ ಅಂತ ಕೇಳಿದೀರಿ. ಬ್ಯಾಲೆನ್ಸ್ ಚಿಂತೆ ಬಿಟ್ಬಿಡಿ.

ನಮ್ಮದು ಘಟಪ್ರಭಾ ದಂಡಿ ಮೇಲಿನ ಊರು, ಅದೇ ಅಣೆಕಟ್ಟಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಿದಾಗಲೇ ಮುಳುಗಡೆ ಆದದ್ದು. ಆಗ ನಾನು ಕಾಲೇಜು ಓದ್ತಿದ್ದೆ, ದಿನಾ ನೋಟ್‌ಬುಕ್ಕಲ್ಲಿ ಬರೀತಿದ್ದೆ. ಬೇರು ಕಿತ್ತ ನೋವು, ರಾತ್ರಿಯೆಲ್ಲಾ ನಿದ್ದೆ ಬರದೆ ಹೊರಳಾಡಿದ್ದು, ಎಲ್ಲಾ ಇದೆ ಅದರಲ್ಲಿ, ಸುಳ್ಳು ಒಂದೂ ಇಲ್ಲ. ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ನಮ್ಮ ಕಾಕಾ ಅದನ್ನ ಇಸ್ಕೊಂಡು ಕಟ್ಟಿ ಮೇಲೆ ಕೂತು ಪೂರ್ತಿ ಓದಿದ್ರು. "ಛಲೋ ಬರದಿ ತಮ್ಮಾ. ಆದ್ರ ಇದ್ರಾಗ ನಮ್ಮ ಓಣಿ ಎಲ್ಲೈತಿ?" ಅಂದ್ರು. ನನಗೆ ಸಿಟ್ಟು ಬಂತು, ಇವರಿಗೇನು ಗೊತ್ತು ಬರವಣಿಗೆ ಅಂದ್ಕೊಂಡೆ.

ಕಾಕಾ ಕೇಳಿದ್ದು ಸರಿ ಇತ್ತು. ಕೊನೇ ವಾರ ಎಲ್ಲರೂ ಅವರವರ ಮನೆ ಅವರೇ ಬಿಚ್ಚಬೇಕಿತ್ತು, ತೊಲಿ, ಜಂತಿ, ಬಾಗಿಲು ಹೊಸ ಮನೆಗೆ ಬೇಕಾಗುತ್ತೆ ಅಂತ. ಮಾಳಿಗೆ ಮೇಲಿನ ಮಣ್ಣು ಸರಿಸಿ ಜಂತಿ ಇಳಿಸಿ ಆಗಿತ್ತು, ಅಪ್ಪ ಹಾರಿ (ಕಬ್ಬಿಣದ ಹಾರೆ) ಹಾಕಿ ತಲಬಾಗಿಲ ಚೌಕಟ್ಟು ಸಡಿಲು ಮಾಡ್ತಿದ್ದ, ಪಕ್ಕದ ಗೋಡೆ ಮೇಲೆ ಸರ್ವೇದವರು ಬರೆದ ನಂಬರು ಇನ್ನೂ ಇತ್ತು. ಅವ್ವ ಹಗೇವಿನ ಬಾಯಿ ಹತ್ರ ಕೂತಿದ್ಲು. (ನೆಲದೊಳಗೆ ಜೋಳ ತುಂಬಿಡೋ ಹಗೇವು, ನಿಮ್ಮೂರಲ್ಲೂ ಇದ್ದಿರಬೇಕು.) ಅಪ್ಪನ ಕಡೆ ತಿರುಗಿ ಏನೋ ಅಂದ್ಲು, ಅಪ್ಪ ಹಾರಿ ಕೆಳಗಿಟ್ಟು ಎಷ್ಟೋ ಹೊತ್ತು ಸುಮ್ನೆ ನಿಂತುಬಿಟ್ಟ. ಏನಂದ್ಲು ಅಂತ ನನಗೆ ಗೊತ್ತಿಲ್ಲ. ಅಷ್ಟು ಹತ್ರ ಇದ್ದೆ, ಕಿವಿಗೆ ಬಿದ್ದಿರಲೇಬೇಕು, ಆದ್ರೆ ನಾನು ಆಗ ನನ್ನೆದೆಯೊಳಗೆ ಆಗ್ತಿರೋದಕ್ಕೆ ತಕ್ಕ ಪದ ಹುಡುಕ್ತಿದ್ದೆ. ಆವತ್ತಿನ ಪುಟದಲ್ಲಿ 'ಶೂನ್ಯ' ಅಂತ ಮತ್ತೆ ಮತ್ತೆ ಬರೆದಿದೀನಿ. ಅವ್ವ ಇಲ್ಲ, ಹಗೇವು ಇಲ್ಲ, ಅಪ್ಪ ಹಾರಿ ಕೆಳಗಿಟ್ಟದ್ದೂ ಇಲ್ಲ. ಎಷ್ಟೋ ವರ್ಷ ಆದ್ಮೇಲೆ ಕೇಳೋಣ ಅನ್ನೋ ಬುದ್ಧಿ ಬಂತು, ಅಷ್ಟೊತ್ತಿಗೆ ಅವರಿಬ್ಬರೂ ಇರಲಿಲ್ಲ, ಕಾಕಾನೂ ಇರಲಿಲ್ಲ.

ನೊಂದದ್ದು ತಪ್ಪು ಅಂತ ಹೇಳ್ತಿಲ್ಲ. ನನಗೆ ಆವತ್ತು ನೋವಾಗಿದ್ದೇ ಅವ್ವನ ಆ ಮಾತಿಗೆ, ಅಪ್ಪ ನಿಂತ ರೀತಿಗೆ ಇರಬೇಕು. ನಾನು ಅದನ್ನೇ ಬಿಟ್ಟು ನೋವು ಮಾತ್ರ ಬರ್ಕೊಂಡೆ. ನೋವನ್ನ ಆಮೇಲೂ ಬರೀಬಹುದಿತ್ತು, ಅದು ಎಲ್ಲೂ ಹೋಗ್ತಿರಲಿಲ್ಲ, ಈಗ್ಲೂ ಇದೆ. ಆ ಮಾತು ಆವತ್ತೊಂದು ದಿನ ಸಿಗ್ತಿತ್ತು ಅಷ್ಟೆ.

ಆಮೇಲೆ ಪೂರ್ತಿ ಉಲ್ಟಾನೂ ಬರೆದು ನೋಡಿದೆ, ನೀರಿನ ಮಟ್ಟ, ಪರಿಹಾರ, ಕೋರ್ಟು ಕೇಸು ಎಲ್ಲಾ ಹಾಕಿ. ಅದು ಪೇಪರ್ ವರದಿ ಆಯ್ತು, ಯಾರು ಬೇಕಾದ್ರೂ ಬರೀಬಹುದಾದದ್ದು. ಅದಕ್ಕೇ ಹೇಳ್ತೀನಿ, ಅರ್ಧ ಒಳಗಿಂದು ಅರ್ಧ ಹೊರಗಿಂದು ಅಂತ ಅಳತೆ ಹಾಕೋ ಕೆಲಸಾನೇ ಬೇಡ. ಇಡೀ ಊರಲ್ಲಿ ನಿಮ್ಮ ಕಣ್ಣು ಹೋಗಿ ನಿಲ್ಲೋದು ಯಾವುದರ ಮೇಲೆ ಅನ್ನೋದರಲ್ಲೇ ನೀವು ಬಂದಿರ್ತೀರಿ. ಅಪ್ಪ ಹಾರಿ ಕೆಳಗಿಟ್ಟ ಅಂತ ಬರೆದ್ರೆ ಸಾಕು, ನನಗೆ ದುಃಖ ಆಯ್ತು ಅಂತ ಬೇರೆ ಹೇಳೋದು ಬೇಕಾಗಲ್ಲ.

ನಿಮಗೆ ಇನ್ನೂ ಟೈಮ್ ಇದೆ. 2010ರಲ್ಲಿ ಕೃಷ್ಣಾ ನೀರು ಹಂಚೋ ಟ್ರಿಬ್ಯುನಲ್ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಾಗಿನಿಂದ ನಿಮ್ಮಂಥ ಊರುಗಳು ಕಾಯ್ತಾನೇ ಇವೆ, ಆ ಕಾಯೋದು ಎಷ್ಟು ಹಿಂಸೆ ಅಂತ ನನಗೆ ಗೊತ್ತು. ಆದ್ರೂ ಈ ವಾರಾನೇ ಶುರು ಮಾಡಿ. ಓಣಿಯಲ್ಲಿ ಯಾವ ಮನೆ ಆದ್ಮೇಲೆ ಯಾವ ಮನೆ ಬರ್ಕೊಳ್ಳಿ, ಯಾರ ಕಟ್ಟಿ ಮೇಲೆ ಯಾರು ಕೂರ್ತಾರೆ, ನೀರಿಗೆ ಹೋಗೋ ದಾರಿ ಯಾವುದು, ಹಗೇವು ಕೊನೇ ಸಲ ತೆಗೆದದ್ದು ಯಾವಾಗ ಅಂತ ವಯಸ್ಸಾದವರನ್ನ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡಿದ್ರೂ ಅದೇ ರಾತ್ರಿ ಕೈಯಾರೆ ಬರೀರಿ, ಅವರು ಅಂದದ್ದನ್ನ ಅಂದ ಹಾಗೇ, ಶುದ್ಧ ಕನ್ನಡ ಮಾಡೋಕೆ ಹೋಗ್ಬೇಡಿ. ಮೊದಲು ನಿಮ್ಮವ್ವನ ಹತ್ರ ಕೂತ್ಕೊಳ್ಳಿ.