ಎಕ್ಸ್-ರೇಯಲ್ಲಿ ಕಂಡ ಆ ಕಪ್ಪು ಗೆರೆ

ವಿರಾಜಪೇಟೆ ಬಳಿಯ ತಾಯಿಯೊಬ್ಬರ ಪತ್ರ: ಹನ್ನೊಂದು ವರ್ಷದ ಮಗ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದಾನೆ. ಎಕ್ಸ್-ರೇಯಲ್ಲಿ ಮುರಿತದ ಜೊತೆಗೆ ಮಣಿಕಟ್ಟಿನ ಹತ್ತಿರ ಇನ್ನೊಂದು ಕಪ್ಪು ಗೆರೆ ಕಂಡಿದೆ. ಅದು ಇರಬೇಕಾದದ್ದೇ ಎಂದರಂತೆ ವೈದ್ಯರು. ಕೈ ಗಿಡ್ಡವಾಗುತ್ತದೆಯೇ, ಪ್ಲಾಸ್ಟರ್ ಬೇಗ ಬಿಚ್ಚಿ ಎಣ್ಣೆ ತಿಕ್ಕಬಹುದೇ, ಬೇಸಿಗೆಯ ಹಾಕಿಗೆ ಅವನು ಸಿದ್ಧನಾಗುತ್ತಾನೆಯೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಮ್ಮಾ, ವೈದ್ಯರು ಹೇಳಿದ್ದು ಸರಿ. ನಿಮ್ಮ ಮಗ ಬೆಳೆಯುತ್ತಿರುವುದೇ ಆ ಗೆರೆಯಲ್ಲಿ. ಮಕ್ಕಳ ಉದ್ದ ಮೂಳೆಗಳ ತುದಿಗಳಲ್ಲಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಗಟ್ಟಿ ಮೂಳೆಯಷ್ಟು ಕ್ಯಾಲ್ಸಿಯಂ ಅದರಲ್ಲಿಲ್ಲ, ಹಾಗಾಗಿ ಎಕ್ಸ್-ರೇಯಲ್ಲಿ ಬಿರುಕಿನಂತೆ ಕಾಣುತ್ತದೆ. ಅಲ್ಲಿನ ಕೋಶಗಳು ಸಾಲುಸಾಲಾಗಿ ಹೆಚ್ಚುತ್ತ ಮೂಳೆಯನ್ನು ಉದ್ದಕ್ಕೆ ತಳ್ಳುತ್ತವೆ. ಅವು ಬಿಟ್ಟುಹೋದ ಜಾಗಕ್ಕೆ ರಕ್ತನಾಳಗಳ ಬೆನ್ನು ಹತ್ತಿ ಬರುವವೇ ಆಸ್ಟಿಯೋಬ್ಲಾಸ್ಟ್‌ಗಳು, ಅಂದರೆ ಮೂಳೆ ಕಟ್ಟುವ ಕೋಶಗಳು.

ಇವು ಮೊದಲೇ ಗಟ್ಟಿ ಮೂಳೆ ಇಡುವುದಿಲ್ಲ. ಮೊದಲು ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಹಾಸುತ್ತವೆ. ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಅದರ ಮೇಲೆ ಕೂರುವುದು ಕೆಲವು ದಿನಗಳ ನಂತರ. ಕಟ್ಟುವಾಗ ಕೆಲವು ಕೋಶಗಳು ತಾವೇ ಕಟ್ಟಿದ ಗೋಡೆಯೊಳಗೆ ಹುದುಗಿಹೋಗುತ್ತವೆ. ಸಾಯುವುದಿಲ್ಲ! ಕೂದಲಿಗಿಂತ ಸಣ್ಣ ಕಾಲುವೆಗಳ ಮೂಲಕ ಒಂದಕ್ಕೊಂದು ಕೈ ಚಾಚಿ, ಮೂಳೆಯ ಮೇಲೆ ಬೀಳುವ ಭಾರವನ್ನು ವರ್ಷಗಟ್ಟಲೆ ಗ್ರಹಿಸುತ್ತ ಕೂರುತ್ತವೆ. ಮೂಳೆಯನ್ನು ಒಣಕಟ್ಟಿಗೆ ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಾಟಿಗೆ ಮುಂಚೆ ಗದ್ದೆಯ ಬದುವಿನ ಹಳೆಯ ಮಣ್ಣು ಕೆತ್ತಿ ಹೊಸ ಕೆಸರು ಮೆತ್ತುವುದನ್ನು ನೀವು ನೋಡಿದ್ದೀರಿ. ಮೂಳೆಯಲ್ಲೂ ಹಾಗೆಯೇ: ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯದನ್ನು ಕೆತ್ತುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಮೆತ್ತುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಹೀಗೆ ಹೊಸದಾಗುತ್ತದೆ.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ಆಮೇಲೆ ಮೆತ್ತನೆಯ ಗಂಟು ಬೆಳೆದು, ಅದನ್ನು ಆಸ್ಟಿಯೋಬ್ಲಾಸ್ಟ್‌ಗಳು ಮೂಳೆಯಾಗಿಸುತ್ತವೆ. ಆ ಎಳೆಯ ಗಂಟು ಅಲುಗಿದರೆ ಕೆಲಸ ಕೆಡುತ್ತದೆ. ದಯವಿಟ್ಟು ಯಾರ ಮಾತಿಗೂ ಪ್ಲಾಸ್ಟರ್ ಬಿಚ್ಚಬೇಡಿ, ಎಣ್ಣೆ ತಿಕ್ಕಿಸಬೇಡಿ. ಬಿಚ್ಚಿದ ಮೇಲೆ ಉಬ್ಬು ಕೈಗೆ ಸಿಕ್ಕರೆ ಹೆದರಬೇಡಿ. ತಿಂಗಳುಗಳಲ್ಲಿ ಅದು ಕೆತ್ತಿ ಸಮವಾಗುತ್ತದೆ.

ಬೆಳೆಯುವ ಪದರಕ್ಕೆ ಪೆಟ್ಟಾಗದಿದ್ದರೆ ಕೈ ಸಾಮಾನ್ಯವಾಗಿ ಗಿಡ್ಡವಾಗುವುದಿಲ್ಲ. ಆದರೂ ವೈದ್ಯರು ಕರೆದಾಗಲೆಲ್ಲ ತೋರಿಸಿ. ರಾಗಿ, ಹಾಲು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಕೊಡಿ. ಕಕ್ಕಡ ತಿಂಗಳ ಮಳೆಯಲ್ಲಿ ಬಿಸಿಲು ಸಿಗುವುದೇ ಅಪರೂಪ, ಈಗಿನ ಎಳೆಬಿಸಿಲಲ್ಲಿ ಆಡಿಕೊಂಡಿರಲಿ.

ಹಾಕಿ ಕೋಲು ಹಿಡಿಯುವ ದಿನವನ್ನು ವೈದ್ಯರೇ ಹೇಳಲಿ. ಅಲ್ಲಿಯವರೆಗೆ ಅವನನ್ನು ಮೈದಾನದ ಅಂಚಿನಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.