ಮೈನಸ್ 5 ಪವರ್ ಇದೆ, ತೋಟದ ಕೆಲಸ ಮಾಡ್ತೇನೆ. ಕಣ್ಣಿಗೆ ಲೇಸರ್ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಶಿರಸಿ ಕಡೆಯ ಹಳ್ಳಿ, ವಯಸ್ಸು 24, ಎರಡೂ ಕಣ್ಣಿಗೆ ಮೈನಸ್ 5ರ ಆಸುಪಾಸು. ಮಳೆಗಾಲದಲ್ಲಿ ಕನ್ನಡಕ ಹಾಕಿಕೊಂಡು ಅಡಿಕೆ ತೋಟದಲ್ಲಿ ಕೆಲಸ ಮಾಡಿ ಸಾಕಾಗಿದೆ. ಲೇಸರ್ ಮಾಡಿಸಿದರೆ ನೋವಾಗುತ್ತದಾ, ಪವರ್ ಮತ್ತೆ ಬರುತ್ತದಾ, ವಯಸ್ಸಾದ ಮೇಲೆ ಕಣ್ಣೇ ಹೋಗುತ್ತದೆ ಅಂತ ಅಮ್ಮ ಹೆದರುತ್ತಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ.

ನಾನು ಕುಮಟಾದಲ್ಲಿ ಆಪ್ಟೊಮೆಟ್ರಿಸ್ಟ್. ಕಣ್ಣು ಪರೀಕ್ಷೆ ಮಾಡಿ ಪವರ್ ಹೇಳುವುದು ನನ್ನ ಕೆಲಸ, ಆಪರೇಷನ್ ಮಾಡುವ ಡಾಕ್ಟರ್ ನಾನಲ್ಲ. ಆದರೆ ಹುಬ್ಬಳ್ಳಿಗೋ, ಮಂಗಳೂರಿಗೋ, ಗೋವಾಕ್ಕೋ ಹೋಗಿ ಲೇಸರ್ ಮಾಡಿಸಿಕೊಂಡು ಬರುವವರ ಕಣ್ಣನ್ನು ಮೊದಲೂ ನೋಡುತ್ತೇನೆ, ಆಮೇಲೂ ನೋಡುತ್ತೇನೆ. ಎಲ್ಲರೂ ಆಪರೇಷನ್ ದಿನದ ಬಗ್ಗೆಯೇ ಕೇಳುತ್ತಾರೆ. ನಿಮಗೆ ಮುಖ್ಯವಾದದ್ದು ಅದಕ್ಕೂ ಮುಂಚಿನ ಪರೀಕ್ಷೆಯ ದಿನ. ನಿಮ್ಮ ಕಣ್ಣಿಗೆ ಇದು ಆಗುತ್ತದೋ ಇಲ್ಲವೋ ಅನ್ನುವುದು ಅವತ್ತೇ ತೀರ್ಮಾನವಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಲೇಸರ್ ಮುಟ್ಟುವುದು ಕಾರ್ನಿಯಾವನ್ನು ಮಾತ್ರ. ಕಪ್ಪು ಪಾಪೆಯ ಮುಂದೆ ಗಾಜಿನ ಹಾಗೆ ಇರುವ ತೆಳು ಪದರ ಅದು. ಮಧ್ಯದಲ್ಲಿ ಅದರ ದಪ್ಪ ಹೆಚ್ಚಿನವರಲ್ಲಿ 500ರಿಂದ 560 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಒಂದು ಚೂರು ಜಾಸ್ತಿ. ಒಂದು ಪವರ್ ತೆಗೆಯಲು ಸುಮಾರು 12ರಿಂದ 15 ಮೈಕ್ರಾನ್ ಸವೆಸಬೇಕು. ನಿಮ್ಮ ಮೈನಸ್ 5ಕ್ಕೆ ಹೆಚ್ಚೆಂದರೆ 75 ಅಂತ ಇಟ್ಟುಕೊಳ್ಳಿ. ಲಾಸಿಕ್ ಅನ್ನುವ ವಿಧಾನ ಆದರೆ ಮೇಲೆ ಮುಚ್ಚಳದ ಹಾಗೆ ಒಂದು ಪದರ ಎತ್ತುತ್ತಾರೆ, ಅದಕ್ಕೆ ಇನ್ನೊಂದು 110. ನಿಮ್ಮ ಕಾರ್ನಿಯಾ 530 ಇದ್ದರೆ ಕೆಳಗೆ 345 ಉಳಿಯಿತು. ಒಳ್ಳೆಯದೇ. 470 ಇದ್ದರೆ 285. ಕಡೇಪಕ್ಷ 250 ಉಳಿಯಲೇಬೇಕು ಅನ್ನುವುದು ಹಳೆಯ ಲೆಕ್ಕ. ಈಗ ಬಹಳ ಡಾಕ್ಟರುಗಳು 300ರ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಮೈನಸ್ 7 ಇದ್ದೂ ಆಯಿತು, ನನಗೆ 5ಕ್ಕೇ ಬೇಡ ಅಂದರು ಅಂದರೆ ಅದರಲ್ಲಿ ಮೋಸ ಏನೂ ಇಲ್ಲ.

ದಪ್ಪಕ್ಕಿಂತ ದೊಡ್ಡ ವಿಷಯ ಆಕಾರ. ಕೆರಟೊಕೋನಸ್ ಅಂತ ಒಂದು ತೊಂದರೆ ಇದೆ. ಕಾರ್ನಿಯಾ ದುರ್ಬಲವಾಗಿ ನಿಧಾನಕ್ಕೆ ಮುಂದಕ್ಕೆ ಉಬ್ಬುತ್ತದೆ. ಶುರುವಿನಲ್ಲಿ ಕನ್ನಡಕ ಹಾಕಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ಉಬ್ಬು ಜೋರಾಗಿ, ಕನ್ನಡಕಕ್ಕೂ ಸರಿಹೋಗದ ಸ್ಥಿತಿ ಬರಬಹುದು. ಇದನ್ನು ಹಿಡಿಯುವುದಕ್ಕೇ ಕಾರ್ನಿಯಾದ ನಕ್ಷೆ ತೆಗೆಯುತ್ತಾರೆ. ಟೊಪೊಗ್ರಫಿ ಅಂತಲೋ ಪೆಂಟಾಕ್ಯಾಮ್ ಅಂತಲೋ ಹೇಳುತ್ತಾರೆ. ಆ ನಕ್ಷೆ ತೆಗೆಯದೆ ಬರೀ ಪವರ್ ನೋಡಿ ದಿನ ಕೊಡುವ ಜಾಗ ಇದ್ದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ನಿಮಗೆ ಕಣ್ಣು ತುರಿಸಿ ಜೋರಾಗಿ ಉಜ್ಜಿಕೊಳ್ಳುವ ಅಭ್ಯಾಸ ಇದ್ದರೆ, ವರ್ಷವರ್ಷವೂ ಪವರ್ ಬದಲಾಗುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಕೆರಟೊಕೋನಸ್ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಪರೀಕ್ಷೆಗೆ ಮುಂಚೆ ನಿಲ್ಲಿಸಬೇಕು. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಲೆನ್ಸ್ ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಾಯಿಸಿರುತ್ತದೆ, ಅಳತೆ ತಪ್ಪಾಗುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದು ಕಣ್ಣನ್ನು ಒಣಗಿಸುತ್ತದೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಪವರ್ ಅರ್ಧ ಪಾಯಿಂಟ್‌ಗಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಚೀಟಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ.

ನೋವಿನ ವಿಷಯ. ಕಣ್ಣಿಗೆ ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಇಂಜೆಕ್ಷನ್ ಇಲ್ಲ. ಒಂದಷ್ಟು ಸೆಕೆಂಡ್ ಕಣ್ಣನ್ನು ಒತ್ತಿ ಹಿಡಿದ ಹಾಗಾಗಿ ಕತ್ತಲೆ ಕವಿಯಬಹುದು, ಸುಟ್ಟ ವಾಸನೆ ಬರಬಹುದು. ಇದು ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಲೇಸರ್ ಬೀಳುವುದು ಒಂದು ಕಣ್ಣಿಗೆ ಒಂದು ನಿಮಿಷದ ಒಳಗೇ. ಕಣ್ಣು ಚೂರು ಅಲುಗಿದರೆ ಮಷೀನ್ ಅದನ್ನು ಹಿಂಬಾಲಿಸುತ್ತದೆ, ಜಾಸ್ತಿ ಅಲುಗಿದರೆ ತಾನೇ ನಿಲ್ಲುತ್ತದೆ.

ನಿಮ್ಮ ಕೆಲಸ ನೋಡಿ ನಾನು ಹೇಳಲೇಬೇಕಾದದ್ದು ಬೇರೆ ಇದೆ. ವಿಧಾನಗಳು ಮುಖ್ಯವಾಗಿ ಮೂರು. ಲಾಸಿಕ್‌ನಲ್ಲಿ ಪದರ ಎತ್ತಿ, ಲೇಸರ್ ಮಾಡಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಆ ಪದರ ಮೊದಲಿನಷ್ಟು ಗಟ್ಟಿಯಾಗಿ ಕೂಡಿಕೊಳ್ಳುವುದೇ ಇಲ್ಲ. ಕಣ್ಣಿಗೆ ಜೋರು ಪೆಟ್ಟು ಬಿದ್ದರೆ ಎಷ್ಟೋ ವರ್ಷದ ಮೇಲೂ ಸರಿಯಬಹುದು. ಪಿಆರ್‌ಕೆಯಲ್ಲಿ ಪದರವೇ ಇಲ್ಲ, ಮೇಲಿನ ಚರ್ಮದಂಥ ಭಾಗ ತೆಗೆದು ಲೇಸರ್ ಮಾಡುತ್ತಾರೆ, ಅದು ತಾನಾಗಿ ಬೆಳೆಯುತ್ತದೆ. ಮೂರು ನಾಲ್ಕು ದಿನ ಒಳ್ಳೆ ನೋವು, ಉರಿ, ನೀರು ಇರುತ್ತದೆ. ದೃಷ್ಟಿ ತಿಳಿಯಾಗಲು ವಾರಗಟ್ಟಲೆ ಬೇಕು, ಬಿಸಿಲಿಗೆ ಕೆಲವು ತಿಂಗಳು ಕೂಲಿಂಗ್ ಗ್ಲಾಸ್ ಬೇಕೇ ಬೇಕು. ಸ್ಮೈಲ್‌ನಲ್ಲಿ ಸಣ್ಣ ಸೀಳಿನಿಂದ ಒಳಗಿನ ಚೂರನ್ನು ಹೊರಗೆಳೆಯುತ್ತಾರೆ, ಅದರಲ್ಲೂ ಎತ್ತುವ ಪದರ ಇಲ್ಲ. ಆಫೀಸಿನಲ್ಲಿ ಕೂರುವವರಿಗೆ ಈ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ನಿಮಗೆ ದೊಡ್ಡದು. ತೋಟದಲ್ಲಿ ಸೋಗೆ ತುದಿ ಕಣ್ಣಿಗೆ ಹೊಡೆಯುತ್ತದೆ, ಅಡಿಕೆ ಕೊನೆ ಇಳಿಸುವಾಗ ಮೇಲಿನಿಂದ ಏನೋ ಬೀಳುತ್ತದೆ. ಹಾಗಾಗಿ ಡಾಕ್ಟರ ಹತ್ತಿರ "ನನ್ನದು ತೋಟದ ಕೆಲಸ, ಪದರ ಇಲ್ಲದ ವಿಧಾನ ನನಗೆ ಆಗುತ್ತದಾ" ಅಂತ ಬಾಯಿಬಿಟ್ಟು ಕೇಳಿ. ಮೀನುಗಾರಿಕೆಗೆ ಹೋಗುವ ಹುಡುಗರಿಗೂ, ಕಬಡ್ಡಿ ಆಡುವವರಿಗೂ ನಾನು ಇದನ್ನೇ ಹೇಳುತ್ತೇನೆ. ಪೊಲೀಸ್, ನೌಕಾಪಡೆ ಅಂತ ಕನಸಿಟ್ಟವರು ಕಾರವಾರ, ಅಂಕೋಲಾ ಕಡೆ ತುಂಬಾ ಇದ್ದಾರಲ್ಲ, ಅವರು ನೇಮಕಾತಿಯ ವೈದ್ಯಕೀಯ ನಿಯಮ ಓದದೆ ಕಣ್ಣು ಮುಟ್ಟಿಸಲೇಬಾರದು. ಕೆಲವು ಹುದ್ದೆಗೆ ಲೇಸರ್ ಆದ ಕಣ್ಣು ನಡೆಯುವುದಿಲ್ಲ.

ದಿನ ಗೊತ್ತುಮಾಡುವಾಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ ತಪ್ಪಿಸಿ. ಆ ಔಷಧಿಯಲ್ಲಿರುವ ಮೈಲುತುತ್ತ, ಸುಣ್ಣ ಎರಡೂ ಕಣ್ಣಿಗೆ ಕೆಟ್ಟವು, ಸುಣ್ಣವಂತೂ ಕಾರ್ನಿಯಾವನ್ನೇ ಸುಡುತ್ತದೆ. ಇಲ್ಲಿಯವರೆಗೆ ನಿಮ್ಮ ಕನ್ನಡಕ ಗೊತ್ತಿಲ್ಲದ ಹಾಗೆ ಒಂದಷ್ಟು ತಡೆಯುತ್ತಿತ್ತು. ಲೇಸರ್ ಆದ ಮೇಲೆ ಆ ಅಡ್ಡವೂ ಇರುವುದಿಲ್ಲ. ಔಷಧಿ ಹೊಡೆಯುವ ದಿನ ಪಕ್ಕ ಮುಚ್ಚಿದ ಗಾಗಲ್ ಹಾಕಿಯೇ ತೋಟಕ್ಕೆ ಇಳಿಯಿರಿ, ಮರ ಹತ್ತುವವರಿಗೂ ಕೊಡಿಸಿ. ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ಚೊಕ್ಕ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಈ ಮಾತು ಲೇಸರ್ ಮಾಡಿಸದವರಿಗೂ ಸೇರಿತು.

ಆಪರೇಷನ್ ಆದ ಮೊದಲ ವಾರ ತಲೆಸ್ನಾನ ಇಲ್ಲ, ಕಣ್ಣು ಉಜ್ಜುವ ಹಾಗಿಲ್ಲ, ಒಲೆ ಹೊಗೆ, ದೂಳು ಬೇಡ. ಹೊಳೆ, ಸಮುದ್ರದ ನೀರಿಗೆ ಸುಮಾರು ಒಂದು ತಿಂಗಳು ಇಳಿಯಬೇಡಿ. ಮರುದಿನ ಮತ್ತೆ ತೋರಿಸಬೇಕಿರುವುದರಿಂದ ಹುಬ್ಬಳ್ಳಿಯಲ್ಲಿ ಮಾಡಿಸಿದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಕಣ್ಣು ಒಣಗಿದ ಹಾಗೆ ಆಗುವುದು ಬಹಳ ಮಂದಿಗೆ ಇದೆ. ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ಲೈಟಿನ ಸುತ್ತ ಬಳೆ ಕಾಣುವುದೂ ಇದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಕೊಟ್ಟ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ಹೇಳಿದಷ್ಟು ದಿನ ಮಾತ್ರ ಹಾಕಿ. ಮತ್ತೆ ಉರಿ ಬಂತು ಅಂತ ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಿಕೊಂಡರೆ ಕಣ್ಣಿನ ಪ್ರೆಶರ್ ಏರಬಹುದು.

ಪವರ್ ಮತ್ತೆ ಬರುತ್ತದಾ? ಈಗ ನಿಂತಿದ್ದರೆ ಹೆಚ್ಚಿನವರಿಗೆ ಅಷ್ಟಾಗಿ ಬರುವುದಿಲ್ಲ. ದೊಡ್ಡ ಪವರ್ ಇದ್ದವರಿಗೆ ಸ್ವಲ್ಪ ಮರಳಬಹುದು. 40 ದಾಟಿದ ಮೇಲೆ ಚಾಳೀಸು ಮಾತ್ರ ನಿಮಗೂ ಬರುತ್ತದೆ. ಅದು ಒಳಗಿನ ಲೆನ್ಸ್ ಗಟ್ಟಿಯಾಗುವುದರಿಂದ ಬರುವುದು, ಕಾರ್ನಿಯಾಕ್ಕೆ ಮಾಡಿದ ಲೇಸರ್ ಅದನ್ನು ತಡೆಯುವುದಿಲ್ಲ.

ಅಮ್ಮನ ಹೆದರಿಕೆಗೆ ಬರುತ್ತೇನೆ. ಲೇಸರ್‌ನಿಂದಾಗಿ ವಯಸ್ಸಾದ ಮೇಲೆ ಕಣ್ಣು ಹೋಗುವುದು ಅಂತ ಇಲ್ಲ. ಸೋಂಕು, ಕಾರ್ನಿಯಾ ಉಬ್ಬುವುದು ಇಂಥ ಗಂಭೀರ ತೊಂದರೆಗಳು ಅಪರೂಪಕ್ಕೆ ಆಗುತ್ತವೆ, ಅದನ್ನು ಮುಚ್ಚಿಡಬಾರದು. ಆದರೆ ಮೈನಸ್ ಪವರ್ ಇರುವ ಕಣ್ಣು ಸ್ವಲ್ಪ ಉದ್ದ ಬೆಳೆದಿರುತ್ತದೆ, ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾ ಅನ್ನುವ ಪದರ ಎಳೆದು ತೆಳುವಾಗಿರುತ್ತದೆ. ಕನ್ನಡಕ ಹೋದರೂ ಆ ಉದ್ದ ಹಾಗೇ ಇರುತ್ತದೆ. ಲೇಸರ್‌ಗೆ ಮುಂಚೆಯೂ, ಆಮೇಲೆ ವರ್ಷಕ್ಕೊಮ್ಮೆಯೂ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಿ. ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆ ಸುರಿದ ಹಾಗೆ, ಪರದೆ ಇಳಿದ ಹಾಗೆ ಕಂಡರೆ ಅವತ್ತೇ ಹೊರಡಬೇಕು.

ಕಾರ್ನಿಯಾ ತೆಳು ಅಂತ ಬೇಡ ಅಂದರೆ ಕಣ್ಣಿನೊಳಗೆ ಐಸಿಎಲ್ ಅನ್ನುವ ಲೆನ್ಸ್ ಕೂರಿಸುವ ದಾರಿ ಇದೆ, ಅದಕ್ಕೂ ಬೇರೆ ಅಳತೆ, ಬೇರೆ ಖರ್ಚು. ಹಣ ಹೊಂದಿಸುವಾಗ ಇನ್ಶೂರೆನ್ಸ್ ನಂಬಬೇಡಿ. 7.5ಕ್ಕಿಂತ ಕಡಿಮೆ ಪವರ್‌ನ ಚಿಕಿತ್ಸೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಪರೀಕ್ಷೆಯ ಎಲ್ಲ ಕಾಗದ, ನಕ್ಷೆಯ ಪ್ರಿಂಟ್ ಕೇಳಿ ತಂದು ಜಾಗದ ಪತ್ರಗಳ ಜೊತೆ ಇಡಿ. ಮುಂದೆ ಪೊರೆ ಆಪರೇಷನ್ ಬಂದಾಗ ಯಾವ ಲೆನ್ಸ್ ಹಾಕಬೇಕು ಅಂತ ಲೆಕ್ಕ ಹಾಕಲು ಡಾಕ್ಟರಿಗೆ ಈಗಿನ ಅಳತೆ ಬೇಕಾಗುತ್ತದೆ. ಲೇಸರ್ ಆದ ಕಣ್ಣಿನಲ್ಲಿ ಪ್ರೆಶರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗಾಗಿ ಯಾವ ಕಣ್ಣಿನ ಡಾಕ್ಟರ ಹತ್ತಿರ ಹೋದರೂ ಲೇಸರ್ ಆಗಿದೆ ಅಂತ ಮೊದಲೇ ಹೇಳಿ.

ಪರೀಕ್ಷೆಯ ದಿನ ಪಾಪೆ ಹಿಗ್ಗಿಸಿದ ಮೇಲೆ ನೀವು ಗಾಡಿ ಹೊಡೆಯುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು. ಅಮ್ಮನನ್ನೇ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಡಾಕ್ಟರಿಗೆ ಕೇಳಲಿ.